ಚಳಿಯೂ ಒಂದು ಬರವೇ

ನಾರಾಯಣಪೇಟೆ ಕಡೆಯ ಕೊತ್ತಪಲ್ಲಿಯಿಂದ ಓದುಗರೊಬ್ಬರು ಕೇಳಿದ್ದಾರೆ: ‘ಚಳಿ ಜೋರಾದ ವರ್ಷ ನಮ್ಮ ಹಿಂಗಾರಿ ಜೋಳದ ತೆನೆ ಜೊಳ್ಳಾಗುತ್ತದೆ. ರಷ್ಯಾದ ಗೋಧಿ ಮಾತ್ರ ಹಿಮದಡಿ ತಿಂಗಳುಗಟ್ಟಲೆ ಬದುಕಿರುತ್ತದಂತೆ. ಅದಕ್ಕೇನು ಮಂತ್ರ?’

ಮಂತ್ರವೇನೂ ಇಲ್ಲ. ತೆನೆ ಜೊಳ್ಳಾದರೆ ಯಾರದೋ ಕಣ್ಣು ಬಿತ್ತೆಂದು ಬದುವಿನ ಮೇಲೆ ನಿಂಬೆಹಣ್ಣು ಕೊಯ್ಯುವುದೂ ಬೇಡ. ಜೋಳ ಆಫ್ರಿಕಾದ ಬೆಳೆ. ಪರಾಗ ರೂಪುಗೊಳ್ಳುವ ದಿನಗಳಲ್ಲಿ ರಾತ್ರಿಯ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿದರೆ ಪರಾಗ ಬಂಜೆಯಾಗುತ್ತದೆ, ಕಾಳು ಕಟ್ಟುವುದಿಲ್ಲ. ಅಷ್ಟೇ ಸಂಗತಿ.

ಗೋಧಿಯ ಕತೆ ಬೇರೆ, ಅದರ ಸುತ್ತ ಒಂದು ತಪ್ಪು ತಿಳಿವಳಿಕೆಯೂ ಇದೆ. ಫ್ರೀಜರಿನಲ್ಲಿಟ್ಟ ಸೀಸೆಯಂತೆ ಜೀವಕೋಶದೊಳಗಿನ ನೀರು ಹೆಪ್ಪುಗಟ್ಟಿ, ಕೋಶ ಒಡೆದು ಗಿಡ ಸಾಯುತ್ತದೆ ಎಂದು ಎಷ್ಟೋ ಮಂದಿ ಮೇಷ್ಟ್ರುಗಳೂ ಹೇಳುತ್ತಾರೆ. ಸಾಮಾನ್ಯವಾಗಿ ನಡೆಯುವುದು ಅದಲ್ಲ. ಮೊದಲು ಹೆಪ್ಪುಗಟ್ಟುವುದು ಕೋಶಗಳ ಹೊರಗಿನ ಸಂದಿಯ ನೀರು. ಆ ಮಂಜುಗಡ್ಡೆ ಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತ ಬೆಳೆಯುತ್ತದೆ. ಕೋಶ ಒಣಗಿ ಮುದುಡುತ್ತದೆ, ಅದರ ಪೊರೆ ಕೆಡುತ್ತದೆ. ಹಿಮದ ನಡುವೆ ನಿಂತ ಗಿಡ ಸಾಯುವುದು ನೀರಿಲ್ಲದೆ! ಮಖ್ತಲ್‌ನ ಎರೆಹೊಲದಲ್ಲಿ ತೇವ ಆರಿದಾಗ ಜೋಳಕ್ಕೆ ಬರುವ ಕಷ್ಟವೂ ಇದೇ ಬಗೆಯದು.

ಇದು ಜೀನ್‌ಗಳ ಮಟ್ಟದಲ್ಲೂ ನಿಜವೆಂದು ಗೊತ್ತಾದ ಬಗೆಯಂತೂ ನನಗೆ ಬಲು ಇಷ್ಟ. ಸಾಸಿವೆ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಚಳಿಯನ್ನು ಅಭ್ಯಸಿಸುತ್ತಿದ್ದ ಅಮೆರಿಕದ ಮೈಕಲ್ ಥಾಮಶೋ ತಂಡಕ್ಕೆ 1997ರಲ್ಲಿ ಸಿಬಿಎಫ್ ಎಂಬ ‘ಮೇಸ್ತ್ರಿ’ ಜೀನ್ ಸಿಕ್ಕಿತು. ಮರುವರ್ಷ ಜಪಾನಿನ ಶಿನೊಝಾಕಿ ದಂಪತಿಯ ತಂಡ ಡ್ರೆಬ್ ಎಂಬ ಜೀನ್‌ಗಳನ್ನು ಪ್ರಕಟಿಸಿತು. ಅವುಗಳಲ್ಲಿ ಒಂದು ಬಗೆ ಚಳಿಗೆ ಎಚ್ಚರಗೊಳ್ಳುತ್ತದೆ, ಇನ್ನೊಂದು ಒಣಹವೆಗೆ. ಎರಡರ ಪ್ರೋಟೀನುಗಳೂ ಹಿಡಿಯುವುದು ಡಿಎನ್‌ಎಯ ಒಂದೇ ತುಣುಕನ್ನು. ಚಳಿಯ ಬಗೆಯ ಡ್ರೆಬ್ ಎಂದರೆ ಥಾಮಶೋ ಕಂಡ ಸಿಬಿಎಫ್ ಬಳಗವೇ.

ಗೋಧಿಯಲ್ಲಿ ಸಿಬಿಎಫ್ ಜೀನ್‌ಗಳ ದೊಡ್ಡ ಗುಂಪು 5ಎ ವರ್ಣತಂತುವಿನಲ್ಲಿದೆ. ಶರತ್ಕಾಲದಲ್ಲಿ ಕೆಲವು ವಾರ ಹದವಾದ ಚಳಿ ತಗುಲಿದರೆ ಇವು ಕೆಲಸ ಶುರುಮಾಡುತ್ತವೆ. ಗಿಡ ಸಕ್ಕರೆ, ಫ್ರಕ್ಟಾನ್, ಪ್ರೋಲಿನ್‌ಗಳನ್ನೂ ಪೊರೆ ಕಾಯುವ ಪ್ರೋಟೀನುಗಳನ್ನೂ ಕೂಡಿಟ್ಟುಕೊಳ್ಳುತ್ತದೆ. ಹೀಗೆ ಪಳಗಿದ ಗಿಡ ಸೊನ್ನೆಗಿಂತ 15 ಡಿಗ್ರಿ ಕೆಳಗೂ ಬದುಕೀತು. ಪಳಗದ ಗಿಡ ಒಂದೇ ರಾತ್ರಿಗೆ ಸತ್ತೀತು. (ನಮ್ಮ ದೇಶದ ಗೋಧಿ ವಸಂತ ಬಗೆಯದು, ಅದಕ್ಕೆ ಇಷ್ಟು ಗಟ್ಟಿತನವಿಲ್ಲ.)

ಅತ್ತ ಹೈದರಾಬಾದಿನ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಚಳಿಯ ಬಗೆಯ ಇದೇ ಡ್ರೆಬ್ ಜೀನನ್ನು ಶೇಂಗಾಕ್ಕೆ ಸೇರಿಸಿ ಪರೀಕ್ಷಿಸಿದ್ದು ಹಿಮಕ್ಕಾಗಿ ಅಲ್ಲ, ಬರಕ್ಕಾಗಿ.

ಕೊತ್ತಪಲ್ಲಿಯ ಮಿತ್ರರು ಜೀನಿಗಾಗಿ ಕಾಯಬೇಕಿಲ್ಲ. ಮುಂಗಾರಿನ ಹೈಬ್ರಿಡ್ ಬೀಜವನ್ನು ಹಿಂಗಾರಿಗೆ ಬಿತ್ತಬೇಡಿ. ಮಾಲ್ದಂಡಿ ಜೋಳದಿಂದ ಆಯ್ದ ಎಂ 35-1 ತಳಿ ಚಳಿಯಲ್ಲೂ ಅವುಗಳಿಗಿಂತ ಚೆನ್ನಾಗಿ ಕಾಳು ಕಟ್ಟುತ್ತದೆ. ಅದನ್ನೂ ಅಕ್ಟೋಬರ್ ನಡುಭಾಗದೊಳಗೆ ಬಿತ್ತಿ ಮುಗಿಸಿ.