ಸಂಬಳ ಒಂದು ಶಿಲ್ಲಿಂಗ್, ಮುರಿದದ್ದು ಹೋಗಿ ಉಳಿದಷ್ಟು

ಸಂತೆಯ ದಿನ ಡೋಲಿನ ಸದ್ದು ಕೇಳಿತೆಂದರೆ ದಂಡಿಗೆ ಜನ ಕೂಡಿಸುವ ಸಾರ್ಜೆಂಟ್ ಊರಿಗೆ ಬಂದನೆಂದೇ ಅರ್ಥ. ಟೋಪಿಗೆ ಬಣ್ಣದ ರಿಬ್ಬನ್, ಬಾಯಲ್ಲಿ ಬಣ್ಣದ ಮಾತು. ನೆಪೋಲಿಯನ್ನನ ಕಾಲದ ಇಂಗ್ಲೆಂಡಿನಲ್ಲಿ ಕೆಲಸ ಕಳೆದುಕೊಂಡ ನೇಕಾರನಿಗೋ ಹೊಲದ ಕೂಲಿಯವನಿಗೋ ಚೆನ್ನಾಗಿ ಕುಡಿಸಿ, ಅಂಗೈಯಲ್ಲಿ ರಾಜನ ಹೆಸರಿನ ಒಂದು ಶಿಲ್ಲಿಂಗ್ ಇಟ್ಟರೆ ಸಾರ್ಜೆಂಟನ ಅರ್ಧ ಕೆಲಸ ಮುಗಿಯಿತು. ಅಮಲಿನಲ್ಲಿ ಒಪ್ಪಿದ್ದು ಊರ್ಜಿತವಾಗಬಾರದೆಂದು ಕಾನೂನೇನೋ ಇತ್ತು. ಒಂದು ದಿನ ಕಳೆದ ಮೇಲೆ, ನಾಲ್ಕು ದಿನದೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿ ಅವನು ‘ಒಲ್ಲೆ’ ಎನ್ನಬಹುದು. ಆದರೆ ಪಡೆದದ್ದು ಒಂದು ಶಿಲ್ಲಿಂಗ್, ಬಿಡಿಸಿಕೊಳ್ಳಲು ಕಟ್ಟಬೇಕಾದದ್ದು 20. ಅಷ್ಟು ದುಡ್ಡಿದ್ದವನು ಸಾರ್ಜೆಂಟನ ಖರ್ಚಿನಲ್ಲಿ ಯಾಕೆ ಕುಡಿಯುತ್ತಿದ್ದ? 1806ರವರೆಗೆ ಈ ಸೇವೆ ಸಾಮಾನ್ಯವಾಗಿ ಜೀವಮಾನದ್ದು. ಆಮೇಲೆ ಕಾಲಾಳುಗಳಿಗೆ ಏಳು ವರ್ಷದ ಕರಾರೂ ಬಂತು.

ದಿನಕ್ಕೊಂದು ಶಿಲ್ಲಿಂಗ್ ಸಂಬಳ ಸಿಕ್ಕಿದ್ದೂ ಸರ್ಕಾರದ ಔದಾರ್ಯದಿಂದಲ್ಲ. 1797ರಲ್ಲಿ ನೌಕಾಪಡೆ ದಂಗೆ ಎದ್ದಾಗ, ಈ ಗಾಳಿ ದಂಡಿಗೂ ಬೀಸೀತೆಂದು ಹೆದರಿ ಹೆಚ್ಚಿಸಿದ್ದು. ಶಿಲ್ಲಿಂಗ್ ಎಂದರೆ 12 ಪೆನ್ಸ್. ಹೊರದೇಶಕ್ಕೆ ಹೋದರೆ ಊಟದ ಬಾಬ್ತು ಆರು ಪೆನ್ಸ್ ಮೊದಲೇ ಮುರಿತ. ಅದಕ್ಕೆ ಒಂದು ಪೌಂಡ್ ದನದ ಮಾಂಸ, ಒಂದೂವರೆ ಪೌಂಡ್ ಬ್ರೆಡ್, ಒಂದಿಷ್ಟು ರಮ್. ಅಂಗಿ, ಬೂಟು, ಬ್ರಷ್ಷು, ಎದೆಯ ಮೇಲೆ ಕತ್ತರಿಯಂತೆ ಹಾಯುವ ಚರ್ಮದ ಪಟ್ಟಿಗೆ ಬಳಿಯುವ ಬಿಳಿಮಣ್ಣು, ಇವಕ್ಕೂ ಅವನೇ ಕೈಬಿಚ್ಚಬೇಕು. 1808ರಲ್ಲಿ ಜಡೆ ತೆಗೆಯುವ ಅಪ್ಪಣೆ ಬರುವ ತನಕ ಸಿಪಾಯಿ ತಲೆಗೂದಲಿಗೆ ಜಿಡ್ಡು ಮೆತ್ತಿ, ಪುಡಿ ಉದುರಿಸಿ, ಹಿಂದಕ್ಕೆ ಬಿಗಿದು ಕಟ್ಟಿಕೊಳ್ಳಬೇಕಿತ್ತು. ಜಡೆ ಹೋದ ಮೇಲೂ ಕುತ್ತಿಗೆಗೆ ಗಟ್ಟಿ ಚರ್ಮದ ಪಟ್ಟಿ, ತಲೆ ತಗ್ಗಿಸಲಾಗದು. ಈ ಪಟ್ಟಿ ಬಿಗಿದುಕೊಂಡು, ಸುಮಾರು ಇಪ್ಪತ್ತೇಳು ಕಿಲೋ ಹೊರೆ ಹೊತ್ತು, ಅವನು ಸ್ಪೇನಿನ ಬೇಸಿಗೆಯಲ್ಲಿ ನಡೆದ. ಯುದ್ಧಕ್ಕೆ ನಿಂತರೆ ತೋಟಾದ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಮದ್ದಿನ ಉಪ್ಪು ನಾಲಿಗೆಗೆ ತಾಗಿ ಗಂಟಲು ಒಣಗುತ್ತಿತ್ತು.

ಅಧಿಕಾರಿಗಳ ದುಡ್ಡಿನ ಕಥೆ ತಿರುವುಮುರುವು. ಅವರು ಹುದ್ದೆಯನ್ನೇ ಕೊಳ್ಳುತ್ತಿದ್ದರು. ಕಾಲಾಳು ಪಡೆಯ ಕ್ಯಾಪ್ಟನ್ ಪದವಿಗೆ ಸರ್ಕಾರಿ ದರ 1,500 ಪೌಂಡ್, ಅಂದರೆ ಸಿಪಾಯಿಯ 82 ವರ್ಷದ ಪೂರ್ತಿ ಸಂಬಳ. ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, 1793ರಲ್ಲಿ 24ನೇ ವಯಸ್ಸಿಗೇ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆದದ್ದು ಅಣ್ಣನ ದುಡ್ಡಿನಿಂದ. ಹಾಗೆಂದು ಇಡೀ ಸೈನ್ಯ ಹರಾಜಿನ ಮಾಲು ಎನ್ನುವುದು ತಪ್ಪು. ಸತ್ತವನ ಜಾಗವನ್ನು ಮಾರುವಂತಿರಲಿಲ್ಲ. ಯುದ್ಧ ಬೆಳೆದಂತೆ ಅಂಥ ಜಾಗಗಳೂ ಬೆಳೆದವು. ಫಿರಂಗಿ ದಳದಲ್ಲಂತೂ ಹುದ್ದೆಯ ಮಾರಾಟವೇ ಇಲ್ಲ, ಏಕೆಂದರೆ ಅದು ಆರ್ಡ್‌ನನ್ಸ್ ಮಂಡಳಿಯ ಅಧೀನ. ಊಟ ಒದಗಿಸುವವರು ಖಜಾನೆ ಇಲಾಖೆಯ ನೌಕರರು. ದಂಡನಾಯಕ ಒಬ್ಬನೇ, ಯಜಮಾನರು ಮೂವರು.

ಕಾಗದದ ಮೇಲೆ ಒಂದು ಬೆಟಾಲಿಯನ್ನಿಗೆ ಹತ್ತು ಕಂಪನಿ, ಸಾವಿರ ಜನ. ರಣರಂಗದಲ್ಲಿ ಎಣಿಸಿದರೆ ಎಷ್ಟೋ ಸಲ ಐದಾರು ನೂರು. ಮಿಕ್ಕವರಲ್ಲಿ ಹೆಚ್ಚಿನವರನ್ನು ಕೆಡವಿದ್ದು ಗುಂಡಲ್ಲ, ಜ್ವರ. 1809ರಲ್ಲಿ ವಾಲ್ಕರೆನ್ ದ್ವೀಪಕ್ಕೆ ಹೋದ ಸುಮಾರು 40,000 ಜನರಲ್ಲಿ 4,000 ಮಂದಿ ಜ್ವರಕ್ಕೆ ಸತ್ತರು. ಶತ್ರುವಿನ ಕೈಯಲ್ಲಿ ಸತ್ತವರು 106.

ಹಡಗು ಹತ್ತುವ ಮುಂಚೆ ಹೆಂಡಂದಿರ ಸರದಿ. ಕಂಪನಿಗೆ ಆರು ಜನ ಹೆಂಗಸರಿಗಷ್ಟೇ ಜಾಗ. ಟೋಪಿಯೊಳಗೆ ಚೀಟಿ ಹಾಕಿ ಎತ್ತಿಸುತ್ತಿದ್ದರು. ಒಂದರಲ್ಲಿ ‘ಹೋಗುವುದು’, ಇನ್ನೊಂದರಲ್ಲಿ ‘ಉಳಿಯುವುದು’. ಹೋದವಳಿಗೆ ಅರ್ಧ ಪಡಿ. ಉಳಿದವಳು ಕೂಸು ಕಟ್ಟಿಕೊಂಡು ಊರಿನ ದಾರಿ ಹಿಡಿಯಬೇಕು.

ಇನ್ನು ಸಾಗಾಟ. ವೆಲ್ಲೆಸ್ಲಿ ಈ ವಿದ್ಯೆ ಕಲಿತದ್ದು ನಮ್ಮಲ್ಲೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತ್ ಮಹಲ್ ಎತ್ತುಗಳ ನಡಿಗೆ ಕಂಡವನು, ಪೋರ್ಚುಗಲ್ಲಿನ ಕಿರುಗುಟ್ಟುವ ಎತ್ತಿನಗಾಡಿಗಳ ಹಿಂದೆ ತೆವಳುವಾಗ ಅವನ್ನು ನೆನೆದು ಹಲುಬಿದನಂತೆ.

ಸಂಬಳದಲ್ಲಿ ಮುರಿದದ್ದು ಹೋಗಿ ಉಳಿದ ಪೆನ್ಸಾದರೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತೇ? ಸ್ಪೇನಿನಲ್ಲಿ ಸಂಬಳ ತಿಂಗಳುಗಟ್ಟಲೆ ಬಾಕಿ. 1813ರ ಜೂನ್ 21ರಂದು ವಿಟೋರಿಯಾದಲ್ಲಿ ಸೋತ ನೆಪೋಲಿಯನ್ನನ ಅಣ್ಣ ಜೋಸೆಫ್ ಬೋನಪಾರ್ಟೆಯ ಖಜಾನೆ ಗಾಡಿಗಳು ದಾರಿಯಲ್ಲೇ ಉಳಿದವು. ಸಿಪಾಯಿಗಳು ಬಾಚಿಕೊಂಡರು, ಸರ್ಕಾರದ ಕೈಗೆ ಸಿಕ್ಕಿದ್ದು ಚೂರುಪಾರು. ಇವರು ಲೋಕದ ಕೊಳೆ ಎಂಬ ವೆಲಿಂಗ್ಟನ್ನನ ಪ್ರಸಿದ್ಧ ಬೈಗುಳ ಹುಟ್ಟಿದ್ದು ಆ ಸಿಟ್ಟಿನಲ್ಲಿ. ಬೈದ ಮಹಾಶಯ ಬಾಕಿ ಸಂಬಳದ ಲೆಕ್ಕವನ್ನೂ ಜತೆಗೇ ಹಾಕಬಹುದಿತ್ತು.

ಲೂಟಿಗೂ ಒಂದು ಕಾಯಿದೆ ಇತ್ತು, ಅದಕ್ಕೆ ಬಹುಮಾನದ ಹಣ ಎಂಬ ಒಳ್ಳೆಯ ಹೆಸರೂ ಇತ್ತು. ‘ಲೂಟಿ’ ಎಂಬ ಮಾತೇ ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದದ್ದು. ಶ್ರೀರಂಗಪಟ್ಟಣದ ಕೊಳ್ಳೆಯಲ್ಲಿ ದಂಡನಾಯಕ ಜನರಲ್ ಹ್ಯಾರಿಸ್‌ಗೆ 1,40,000 ಪೌಂಡಿಗೂ ಮೇಲೆ, ವೆಲ್ಲೆಸ್ಲಿಗೆ ಸುಮಾರು 4,000, ಬಿಳಿ ಸಿಪಾಯಿಗೆ ಸುಮಾರು 7, ದೇಶಿ ಸಿಪಾಯಿಗೆ ಇನ್ನೂ ಕಡಿಮೆ. ಹದಿನಾರು ವರ್ಷದ ಮೇಲೆ ವಾಟರ್ಲೂ ಗೆದ್ದಾಗ ಡ್ಯೂಕ್‌ಗೆ ಸುಮಾರು 61,000 ಪೌಂಡ್ ನಿಗದಿಯಾಯಿತು. ಅದರಲ್ಲಿ 40,000ವನ್ನು ಅವನು ಖಜಾನೆಗೇ ಬಿಟ್ಟುಕೊಟ್ಟ. ಸಿಪಾಯಿಯ ಪಾಲು 2 ಪೌಂಡ್ 11 ಶಿಲ್ಲಿಂಗ್ 4 ಪೆನ್ಸ್. ಯುದ್ಧ ನಡೆದದ್ದು 1815ರಲ್ಲಿ, ಆ ಹಣ ಬಟವಾಡೆಯಾದದ್ದು 1819ರಲ್ಲಿ.