ಹಳೆಯ ಪಿಕಪ್ಪನ್ನು ಕೊಳ್ಳುವ ಮುನ್ನ

ಪರರ ವಾಹನವನ್ನು ನಡೆಸಿ ಕೂಲಿ ಪಡೆಯುವವನು ತಾನೂ ಒಂದು ವಾಹನದ ಒಡೆಯನಾಗಬೇಕೆಂದು ಬಯಸುವುದು ಸಹಜವೂ ಶ್ಲಾಘ್ಯವೂ ಆದ ಆಕಾಂಕ್ಷೆಯಾಗಿರುವುದು. ಸ್ವಾವಲಂಬನವೆಂಬ ಮಾತು ವೇದಿಕೆಗಳಲ್ಲಿ ಎಷ್ಟು ಸಲ ಉಚ್ಚರಿಸಲ್ಪಟ್ಟರೂ ಅದರ ನಿಜವಾದ ಪರೀಕ್ಷೆ ನಡೆಯುವುದು ಇಂತಹ ಸಾಮಾನ್ಯ ಸಂಸಾರಿಗಳ ಮನೆಗಳಲ್ಲಿಯೇ. ಮಂಗಳೂರಿನ ಹಳೆ ಬಂದರಿನ ದಿನಸಿ ಮಳಿಗೆಯೊಂದರಲ್ಲಿ ಧನಿಗಳ ಟೆಂಪೋ ಓಡಿಸುತ್ತ ಆರು ವರ್ಷಗಳನ್ನು ಕಳೆದ ಯುವಕನೊಬ್ಬನು ಕೆಲವು ದಿನಗಳ ಹಿಂದೆ ನಮ್ಮಲ್ಲಿಗೆ ಬಂದಿದ್ದನು. ಮೂರು ಲಕ್ಷ ರೂಪಾಯಿಗೆ ಹಳೆಯದೊಂದು ಸಣ್ಣ ಪಿಕಪ್ಪು ಮಾರಾಟಕ್ಕಿದೆ. ತಾಯಿಯ ಬಳೆಗಳನ್ನು ಅಡವಿಟ್ಟು ಒಂದು ಲಕ್ಷವನ್ನು ಹೊಂದಿಸಬಹುದು. ಉಳಿದ ಎರಡು ಲಕ್ಷಕ್ಕೆ ಸಾಲ ದೊರೆಯುವುದು. “ಹೊಸ ಬಣ್ಣ ಹೊಡೆದಿದ್ದಾರೆ ರಾಯರೇ, ನೋಡಲಿಕ್ಕೆ ಭಾರೀ ಚಂದ ಉಂಟು. ತೆಗೊಳ್ಳುವುದಾ, ಬಿಡುವುದಾ?” ಎಂದು ಅವನು ಕೇಳಿದನು. ಈ ಪ್ರಶ್ನೆ ಅವನೊಬ್ಬನದಲ್ಲ. ಆದುದರಿಂದ ಅವನಿಗೆ ನಾವು ಹೇಳಿದುದನ್ನೇ ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಈ ಜಾತಿಯ ವಾಹನವು ನಮ್ಮ ನಗರದ ವ್ಯಾಪಾರಕ್ಕೆ ಎಷ್ಟು ಅನುಕೂಲವೆಂಬುದನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. 2005ರಲ್ಲಿ ಟಾಟಾ ಕಂಪೆನಿಯವರು ‘ಏಸ್’ ಎಂಬ ಪುಟ್ಟ ಗಾಡಿಯನ್ನು ಹೊರತಂದಾಗ ಮೂರು ಚಕ್ರದ ಗೂಡ್ಸ್ ರಿಕ್ಷಾಕ್ಕೂ ದೊಡ್ಡ ಲಾರಿಗೂ ನಡುವಣ ಅಂತರವು ತುಂಬಿತು. ಎರಡು ಸಿಲಿಂಡರುಗಳ, 702 ಸಿ.ಸಿ.ಯ ಡೀಸೆಲ್ ಎಂಜಿನಿನಿಂದ ಮುಕ್ಕಾಲು ಟನ್ನು ಹೊರುವ ಆ ಗಾಡಿಗೆ ಜನರು ‘ಛೋಟಾ ಹಾಥಿ’ ಎಂದು ಹೆಸರಿಟ್ಟರು. ಅದರ ಹಿಂದೆ 2011ರಲ್ಲಿ ಅಶೋಕ್ ಲೇಲ್ಯಾಂಡಿನ ‘ದೋಸ್ತ್’, 2016ರಲ್ಲಿ ಮಾರುತಿಯ ‘ಸೂಪರ್ ಕ್ಯಾರಿ’ ಬಂದವು. ಲಾರಿ ತಿರುಗಲಾರದ ಬಂದರಿನ ಓಣಿಗಳಲ್ಲಿಯೂ, ಕದ್ರಿ ಬಲ್ಮಠಗಳ ಏರುದಾರಿಗಳಲ್ಲಿಯೂ ಇವು ನಿರಾಯಾಸವಾಗಿ ಸಾಗುವುವು. ಕಾನೂನೂ ಇವುಗಳ ವಿಷಯದಲ್ಲಿ ಉದಾರವಾಗಿದೆ. ಸರಕು ಸಹಿತವಾದ ಒಟ್ಟು ತೂಕ 3,000 ಕಿಲೋಗ್ರಾಮು ಮೀರದ ಸರಕು ವಾಹನಕ್ಕೆ 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಪರ್ಮಿಟು ಬೇಕಾಗಿಲ್ಲ. 7,500 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನು ನಡೆಸಲು ಲಘು ವಾಹನದ ಲೈಸೆನ್ಸೇ ಸಾಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಆದರೆ ಬಾಗಿಲು ಅಗಲವಾಗಿರುವ ಮನೆಗೆ ನುಗ್ಗುವವರೂ ಬಹಳ ಮಂದಿ. ಪ್ರವೇಶವು ಸುಲಭವಾಗಿರುವ ಉದ್ಯೋಗದಲ್ಲಿ ಪೈಪೋಟಿಯೂ ತೀವ್ರವಾಗಿರುವುದೆಂಬುದನ್ನು ಮರೆಯಬಾರದು.

ಆದುದರಿಂದ ಕೊಳ್ಳುವವನು ಮೊದಲು ನೋಡಬೇಕಾದುದು ಗಾಡಿಯನ್ನಲ್ಲ, ಬಾಡಿಗೆಯ ಲೆಕ್ಕವನ್ನು. ಆ ಯುವಕನೊಡನೆ ಕುಳಿತು ಒಂದು ಅಂದಾಜನ್ನು ಬರೆದೆವು. ಎರಡು ಲಕ್ಷ ರೂಪಾಯಿಯ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 14ರ ಬಡ್ಡಿಯೆಂದು ಹಿಡಿದರೆ ಮೂರು ವರ್ಷಗಳ ತನಕ ತಿಂಗಳ ಕಂತು ಸುಮಾರು 6,835 ರೂಪಾಯಿ. ಬಳೆಗಳ ಮೇಲಣ ಸಾಲಕ್ಕೆ ನೂರಕ್ಕೆ 12ರಂತೆ ಬಡ್ಡಿಯೇ ತಿಂಗಳಿಗೆ 1,000. ವಿಮೆ, ತೆರಿಗೆ, ಎಫ್.ಸಿ.ಗಳಿಗೆ 2,500, ಟಯರು ಮತ್ತು ರಿಪೇರಿಗೆ 3,000. ಇಲ್ಲಿಗೆ 13,335 ಆಯಿತು. ಈಗ ಅವನಿಗೆ ದೊರೆಯುವ ಸಂಬಳ 15,000. ಅದು ತಪ್ಪುವುದರಿಂದ ಅದನ್ನೂ ಈ ಗಾಡಿಯೇ ದುಡಿಯಬೇಕು. ಒಟ್ಟು 28,335 ರೂಪಾಯಿ. ಒಂದು ಬಾಡಿಗೆಗೆ 800 ದೊರೆತು ಡೀಸೆಲ್ಲಿಗೆ 180 ಹೋದರೆ ಕೈಯಲ್ಲಿ ಉಳಿಯುವುದು 620. ಅಂದರೆ ತಿಂಗಳಿಗೆ 46 ಬಾಡಿಗೆಗಳಾದರೆ ಮಾತ್ರ ಅವನು ಈಗಿರುವ ಸ್ಥಿತಿಯಲ್ಲಿಯೇ ನಿಲ್ಲುವನು. ಬಳೆಗಳನ್ನು ಬಿಡಿಸಿಕೊಳ್ಳಬೇಕಾದ ಅಸಲು ಇದರಲ್ಲಿ ಇನ್ನೂ ಸೇರಿಲ್ಲ!

ಇಷ್ಟೇ ಅಲ್ಲ. ನಮ್ಮ ಕರಾವಳಿಯಲ್ಲಿ ಹನ್ನೆರಡು ತಿಂಗಳುಗಳೂ ಒಂದೇ ತೆರನಾಗಿರುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಧಕ್ಕೆಯು ಬಿಕೋ ಎನ್ನುವುದು. ಮಳೆಯ ಅಬ್ಬರದಲ್ಲಿ ಕಟ್ಟಡದ ಕೆಲಸಗಳೂ ನಿಂತು ಕೆಂಪುಕಲ್ಲು ಸಿಮೆಂಟುಗಳ ಸಾಗಾಟವು ಇಳಿಯುವುದು. ಆ ಎರಡು ತಿಂಗಳಲ್ಲಿ ಇಪ್ಪತ್ತಿಪ್ಪತ್ತು ಬಾಡಿಗೆಗಳಷ್ಟೇ ದೊರೆತರೆ ಉಳಿದ ಹತ್ತು ತಿಂಗಳುಗಳಲ್ಲಿ ತಿಂಗಳಿಗೆ 51 ಬಾಡಿಗೆಗಳು ಬೇಕು. ಕಂತು ಮಾತ್ರ ಮಳೆಯನ್ನು ನೋಡಿ ನಿಲ್ಲುವುದಿಲ್ಲ. “ನಿನಗೆ ಖಂಡಿತವಾಗಿ ದೊರೆಯುವ ಬಾಡಿಗೆ ಎಷ್ಟು?” ಎಂದು ಕೇಳಿದಾಗ ಅವನು ಬೆರಳು ಮಡಿಸಿ ಎಣಿಸಿ ಮೂವತ್ತು ಎಂದನು, ಬಳಿಕ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಾಡಿಗೆಯ ಲೆಕ್ಕ ಕೂಡಿಬಂದ ಮೇಲೆ ಗಾಡಿಯ ಪರೀಕ್ಷೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಈ ಊರಿನಲ್ಲಿ ವಾಹನದ ಪರಮಶತ್ರುವು ತುಕ್ಕು. ಅದರಲ್ಲಿಯೂ ಧಕ್ಕೆಯಿಂದ ಮೀನು ಹೊತ್ತ ಗಾಡಿಯ ಬಾಡಿಯಿಂದ ಮಂಜುಗಡ್ಡೆಯ ಉಪ್ಪುನೀರು ಹಗಲಿರುಳು ಚಾಸಿಯ ಮೇಲೆ ತೊಟ್ಟಿಕ್ಕಿರುತ್ತದೆ. ಹೊಸ ಬಣ್ಣವು ಮೇಲಿನಿಂದ ಇದೆಲ್ಲವನ್ನೂ ಮುಚ್ಚಿಬಿಡುವುದು. ಆದುದರಿಂದ ಗ್ಯಾರೇಜಿನಲ್ಲಿ ಗಾಡಿಯನ್ನು ಎತ್ತಿಸಿ, ಅಡಿಯಲ್ಲಿ ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣದ ನಾದವು ಒಂದು, ತಿಂದುಹೋದ ಕಬ್ಬಿಣದ ನಾದವು ಇನ್ನೊಂದು. ಕಮಾನು ಪಟ್ಟಿಗಳನ್ನು ಕಚ್ಚಿದ ಜಾಗದಲ್ಲಿ ಹೊಸದಾಗಿ ವೆಲ್ಡಿಂಗ್ ಮಾಡಿದ್ದರೆ ಮಿತಿಮೀರಿ ಭಾರ ಹೇರಿದ ಸಂಶಯವುಂಟು. ಎಂಜಿನನ್ನು ಸುಧಾರಿಸಬಹುದು, ಟಯರನ್ನು ಬದಲಿಸಬಹುದು; ಚಾಸಿಯು ಹೋಯಿತೆಂದರೆ ಗಾಡಿಯೇ ಹೋದಂತೆ.

ಎಂಜಿನನ್ನು ಬೆಳಗ್ಗೆ, ತಣ್ಣಗಿರುವಾಗಲೇ ನೋಡತಕ್ಕದ್ದು. ನಾವು ತಲಪುವ ಮೊದಲೇ ಮಾರುವವನು ಅದನ್ನು ಚಾಲೂ ಮಾಡಿ ಬಿಸಿಮಾಡಿಟ್ಟಿದ್ದರೆ ಮರುದಿನ ಬರುವೆನೆಂದು ಹಿಂದಿರುಗುವುದು ಲೇಸು. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲು ಉರಿಯುತ್ತಿದೆ. ಆಯಿಲು ಹಾಲು ಬೆರೆಸಿದ ಚಹಾದಂತೆ ಕಂಡರೆ ಒಳಗೆ ನೀರು ಸೇರಿದೆ. ಸಮತಟ್ಟಾದ ಹೆದ್ದಾರಿಯಲ್ಲಿ ಖಾಲಿ ಗಾಡಿಯನ್ನು ಓಡಿಸಿ ತೃಪ್ತಿಪಟ್ಟುಕೊಳ್ಳುವುದು ಪರೀಕ್ಷೆಯಲ್ಲ. ಭಾರ ಹೇರಿ ಕದ್ರಿಯ ಏರನ್ನು ಹತ್ತಿಸಿದರೆ ಕ್ಲಚ್ಚು ಗೇರುಗಳ ಬಣ್ಣ ಬಯಲಾಗುವುದು. ಹಿಂದಿನಿಂದ ನೋಡಿದಾಗ ಗಾಡಿ ಓರೆಯಾಗಿ ಸಾಗಿದರೆ, ಟಯರುಗಳು ಒಂದೇ ಪಕ್ಕದಲ್ಲಿ ಸವೆದಿದ್ದರೆ, ಹಳೆಯ ಅಪಘಾತವನ್ನು ಶಂಕಿಸಬೇಕು.

ಇನ್ನು ಕಾಗದಪತ್ರಗಳ ವಿಚಾರ. ಛಾಪಾ ಕಾಗದದ ಕರಾರನ್ನೂ ಸಹಿ ಮಾಡಿದ ಬರಿಯ ಫಾರಮುಗಳನ್ನೂ ಕೈಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಗಾಡಿ ಓಡಿಸುವ ಪದ್ಧತಿಯು ಅತ್ಯಂತ ಅಪಾಯಕರವಾದುದು. ವಾಹನವು ಕೈ ಬದಲಾಯಿಸಿದ್ದರೂ ಆರ್.ಟಿ.ಓ. ಕಛೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನಿರ್ಣಯಿಸಿದೆ. ಆದುದರಿಂದ ಇದರಲ್ಲಿ ಮಾರುವವನ ಹಿತವೂ ಇದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ತಿಳಿಸತಕ್ಕದ್ದು. ಅದಕ್ಕೆ 29 ಮತ್ತು 30ನೆಯ ನಮೂನೆಗಳುಂಟು. ಹಳೆಯ ಸಾಲವಿದ್ದರೆ ಅದು ತೀರಿತೆಂಬುದಕ್ಕೆ 35ನೆಯ ನಮೂನೆ ಬೇಕು. ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಎಂಟು ವರ್ಷ ತುಂಬಿದ ಸರಕು ವಾಹನಕ್ಕೆ ಎಫ್.ಸಿ. ಪ್ರತಿವರ್ಷ ಆಗಬೇಕಾದುದರಿಂದ ಗಾಡಿಯ ವಯಸ್ಸೂ ಖರ್ಚಿನ ಒಂದು ಬಾಬತ್ತೇ ಆಗಿದೆ. ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಆರ್.ಸಿ.ಯೊಡನೆ ಅಕ್ಷರಕ್ಷರವಾಗಿ ಹೋಲಿಸಿ ನೋಡುವುದಕ್ಕೆ ಕಾಸು ಖರ್ಚಿಲ್ಲ.

ಅಧಿಕಾರಿ ವರ್ಗದವರಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಹೆಸರು ಬದಲಾವಣೆಗೆ ಬಡವನು ನಾಲ್ಕು ದಿನದ ದುಡಿಮೆಯನ್ನು ಬಿಟ್ಟು ಅಲೆಯಬೇಕಾಗಿ ಬಂದರೆ ಅವನು ದಲ್ಲಾಳಿಯನ್ನೋ ಛಾಪಾ ಕಾಗದವನ್ನೋ ಆಶ್ರಯಿಸುವುದು ಆಶ್ಚರ್ಯವಲ್ಲ. ಕಾನೂನನ್ನು ಪಾಲಿಸುವ ದಾರಿಯು ಸುಗಮವಾದಷ್ಟೂ ಅದನ್ನು ಮೀರುವವರ ಸಂಖ್ಯೆಯು ಇಳಿಯುವುದು.

1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಲ್ಲಿಯೇ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದು ಕಲಿಸಿದ ಪಾಠವು ಮಾತ್ರ ಹಳೆಯದಾಗಿಲ್ಲ. ಹಳೆಯ ಗಾಡಿಯ ಒಡೆಯನು ದಿನಕ್ಕೆ ನೂರು ರೂಪಾಯಿಯನ್ನಾದರೂ ರಿಪೇರಿಗೆಂದು ಬೇರೆಯಾಗಿಟ್ಟರೆ ಎಂಜಿನು ಕೈಕೊಟ್ಟ ದಿನ ಬಡ್ಡಿಯವನ ಬಾಗಿಲಿಗೆ ಹೋಗಬೇಕಾಗಿ ಬಾರದು.

ಹಾಗಾದರೆ ಆ ಯುವಕನಿಗೆ ನಾವು ಏನು ಹೇಳಿದೆವು? ಬೇಡವೆನ್ನಲಿಲ್ಲ, ಈಗಲೇ ಬೇಡವೆಂದೆವು. ಬಂದರಿನಲ್ಲಿ ಹಳೆ ಗಾಡಿಗಳಿಗೆ ಕೊರತೆಯಿಲ್ಲ, ಇದು ಹೋದರೆ ಇನ್ನೊಂದು ಬರುವುದು. ಮೊದಲು ತನ್ನ ಧನಿಗಳನ್ನೇ ಕಂಡು, ಮಳಿಗೆಯ ಸಾಗಾಟವನ್ನು ವರ್ಷದ ಮಟ್ಟಿಗೆ ತನಗೇ ಗೊತ್ತುಮಾಡಿಕೊಡುವರೋ ಎಂದು ಕೇಳಲಿ. ನೆರೆಯ ಎರಡು ಅಂಗಡಿಗಳನ್ನೂ ವಿಚಾರಿಸಲಿ. ಮೂವತ್ತು ಐವತ್ತಾದ ದಿನ ತನ್ನ ನಂಬಿಕೆಯ ಮೆಕ್ಯಾನಿಕನನ್ನು ಕರೆದುಕೊಂಡು ಗಾಡಿ ನೋಡಲು ಹೊರಡಲಿ. ಅವನು ಆ ಸಂಜೆಯೇ ಗ್ಯಾರೇಜಿಗೆ ಹೋಗಿ ಹೊಸ ಬಣ್ಣದ ಅಡಿಯನ್ನು ತಟ್ಟಿ ನೋಡಿದನಂತೆ. ಸುತ್ತಿಗೆಯ ತುದಿಗೆ ಚಾಸಿಯ ಹೆಕ್ಕಳೆಗಳು ಉದುರಿದುವಂತೆ. ತಾಯಿಯ ಬಳೆಗಳು ಇನ್ನೂ ಅವಳ ಕೈಯಲ್ಲಿಯೇ ಇವೆ. ಅವು ಒಂದು ದಿನ ಅಡವಿಗೆ ಹೋಗುವುದಾದರೂ ಹಿಂದಿರುಗುವ ದಾರಿಯನ್ನು ತಿಳಿದೇ ಹೋಗಲಿ ಎಂಬುದು ನಮ್ಮ ಹಾರೈಕೆ.