ಹೊನ್ನಲೇಪದ ಮುಖವಾಡಗಳು: ಮೂಲ ಮತ್ತು ಮರುಲೇಪದ ವಿವೇಚನೆ

ಹಾವೇರಿ ಜಿಲ್ಲೆಯ ಅಬಲೂರಿನ ಸೋಮೇಶ್ವರ ದೇವಾಲಯವು ಏಕಾಂತದ ರಾಮಯ್ಯನ ಪವಾಡವನ್ನು ನಿರೂಪಿಸುವ, ಸುಮಾರು ಕ್ರಿ.ಶ. 1200ರ ಶಾಸನಕ್ಕೆ ಹೆಸರಾಗಿದೆ. ಜೆ.ಎಫ್. ಫ್ಲೀಟ್ ಅವರು ಇಲ್ಲಿನ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ (1898–99) ಪ್ರಕಟಿಸಿದ್ದಾರೆ. ಕಲ್ಲಿನ ಅಕ್ಷರಗಳಿಗೆ ಹೀಗೆ ದೊರೆತ ಆಸರೆ, ಜನಪದ ದೈವಗಳ ಲೋಹದ ಮುಖವಾಡಗಳ ಮೇಲಿನ ಅಕ್ಷರಗಳಿಗೆ ಬಹುಮಟ್ಟಿಗೆ ದೊರೆತಿಲ್ಲ. ಗ್ರಾಮದೇವತೆಯ ಮುಖವಾಡ, ವೀರಭದ್ರನ ಲೋಹಫಲಕ ಮೊದಲಾದವುಗಳ ಚಿನ್ನದ ಮುಲಾಮು ಮಾಸಿದಾಗ ಮತ್ತೆ ಮುಲಾಮು ಹಾಕಿಸುವುದು ಭಕ್ತರ ದೃಷ್ಟಿಯಲ್ಲಿ ಸೇವೆಯೇ ಆಗಿದೆ. ಆದರೆ ವಸ್ತುವಿನ ಚರಿತ್ರೆಯನ್ನು ಅರಿಯಬೇಕಾದ ಅಧ್ಯಯನಕಾರನಿಗೆ ಮೂಲಲೇಪ ಯಾವುದು, ಮರುಲೇಪ ಯಾವುದು ಎಂಬುದನ್ನು ನಿರ್ಣಯಿಸುವುದು ಅನಿವಾರ್ಯವಾಗುತ್ತದೆ.

ಮೊದಲು ಲೇಪನದ ವಿಧಾನಗಳನ್ನು ತಿಳಿಯಬೇಕು. ಹಳೆಯ ಕ್ರಮದಲ್ಲಿ ಚಿನ್ನವನ್ನು ಪಾದರಸದಲ್ಲಿ ಬೆರೆಸಿ, ಆ ಮುದ್ದೆಯನ್ನು ಶುಚಿಗೊಳಿಸಿದ ತಾಮ್ರ ಅಥವಾ ಬೆಳ್ಳಿಯ ಮೇಲೆ ಸವರಿ ಕಾಯಿಸುತ್ತಿದ್ದರು. ಪಾದರಸ ಆವಿಯಾಗಿ ಚಿನ್ನ ಉಳಿಯುತ್ತಿತ್ತು. ಅದನ್ನು ನುಣುಪಾದ ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಿದ್ದರು. 1840ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ ಹಕ್ಕುಪತ್ರ ಪಡೆದ ವಿದ್ಯುಲ್ಲೇಪನ ಕ್ರಮವು ಕ್ರಮೇಣ ಇದರ ಸ್ಥಾನವನ್ನು ಆಕ್ರಮಿಸಿತು. ಆದ್ದರಿಂದ ಎಕ್ಸ್-ಕಿರಣ ಪರೀಕ್ಷೆಯಲ್ಲಿ ಪಾದರಸದ ಅಂಶ ಕಂಡರೆ ಹಳೆಯ ಕ್ರಮದ ಲೇಪವೆಂದೂ, ಚಿನ್ನದ ಅಡಿಯಲ್ಲಿ ನಿಕಲ್ ಪದರ ಕಂಡರೆ ಆಧುನಿಕ ಲೇಪವೆಂದೂ ಊಹಿಸಬಹುದು. ಆದರೆ ಪಾದರಸವೊಂದೇ ಪ್ರಾಚೀನತೆಗೆ ಸಾಕ್ಷಿಯಲ್ಲ. ಆ ಕ್ರಮ ಪೂರ್ತಿಯಾಗಿ ಅಳಿದಿಲ್ಲ. ಒರೆಗಲ್ಲು ಇಲ್ಲಿ ಉಪಯೋಗಕ್ಕೆ ಬಾರದು. ಅದು ತೆಳುವಾದ ಲೇಪವನ್ನು ಕೆರೆಯುತ್ತದೆಯೇ ಹೊರತು ಅದರ ಕಾಲವನ್ನು ಹೇಳುವುದಿಲ್ಲ.

ಉಪಕರಣವಿಲ್ಲದೆಯೂ ಕಣ್ಣಿನಿಂದ ಅರಿಯಬಹುದಾದ ಸಂಗತಿಗಳು ಹಲವು. ಪೂಜೆಗೊಳ್ಳುವ ಮುಖವಾಡದಲ್ಲಿ ಮೂಗಿನ ತುದಿ, ಗಲ್ಲ, ಹುಬ್ಬುಗಳಂತಹ ಉಬ್ಬುಭಾಗಗಳು ಮೊದಲು ಸವೆಯುತ್ತವೆ. ತಗ್ಗುಗಳಲ್ಲಿ ಚಿನ್ನ ಉಳಿಯುತ್ತದೆ. ಮೂಗು ಸವೆದಿದ್ದರೂ ಅದರ ಮೇಲಿನ ಚಿನ್ನ ಅಖಂಡವಾಗಿದ್ದರೆ ಲೇಪವು ಸವೆತದ ನಂತರದ್ದು. ಗೀರಿನೊಳಗೆ ಚಿನ್ನವಿದ್ದರೆ ಗೀರು ಲೇಪಕ್ಕಿಂತ ಹಿಂದಿನದು. ಬೆಸುಗೆ ಹಾಕಿದ ದುರಸ್ತಿಯ ಮೇಲೂ ಲೇಪ ಹರಡಿದ್ದರೆ ದುರಸ್ತಿಯೇ ಮೊದಲಿನದು. ಮರುಲೇಪಕ್ಕೆ ಮುಂಚೆ ಮೇಲ್ಮೈಯನ್ನು ತಿಕ್ಕುವುದರಿಂದ ಕಣ್ಣಿನ ಅಂಚು, ಕಿರೀಟದ ಕೆತ್ತನೆ ಹಾಗೂ ದಾನಿಯ ಹೆಸರಿನ ಅಕ್ಷರಗಳು ಮೊಂಡಾಗುತ್ತವೆ. ಸಂದುಗಳಲ್ಲಿನ ಹಳೆಯ ಕುಂಕುಮ, ವಿಭೂತಿ, ಎಣ್ಣೆಯ ಜಿಡ್ಡು ಇಲ್ಲವಾಗುತ್ತವೆ. ಮುಖವಾಡದ ಹಿಂಬದಿಯನ್ನು ನೋಡದೆ ನಿರ್ಣಯಕ್ಕೆ ಬರಬಾರದು. ಪೂಜೆಯ ಕೈ ಅಷ್ಟಾಗಿ ತಾಗದ ಆ ಭಾಗದಲ್ಲಿ ಸುತ್ತಿಗೆಯ ಗುರುತು, ಹಳೆಯ ಲೋಹದ ಬಣ್ಣ ಉಳಿದಿರುವ ಸಂಭವ ಹೆಚ್ಚು.

ಯಂತ್ರನಿರ್ಮಿತ ವಸ್ತುಗಳಲ್ಲಿಯೂ ಈ ಸಮಸ್ಯೆ ಇದೆ. ಜರ್ಮನಿಯ ಲೈಕಾ ಸಂಸ್ಥೆ 1930ರ ಸುಮಾರಿಗೆ ಅಲ್ಪಸಂಖ್ಯೆಯಲ್ಲಿ ತಯಾರಿಸಿದ ಚಿನ್ನಲೇಪಿತ ಕ್ಯಾಮೆರಾಗಳ ಹೆಸರಿನಲ್ಲಿ, ಸೋವಿಯತ್ ದೇಶದ ಫೆಡ್, ಜೋರ್ಕಿ ಕ್ಯಾಮೆರಾಗಳು ಹೊನ್ನಬಣ್ಣ ತಳೆದು ಮಾರಾಟವಾಗಿವೆ. ಅಲ್ಲಿ ಕ್ರಮಸಂಖ್ಯೆಯನ್ನು ಕಾರ್ಖಾನೆಯ ದಾಖಲೆಯೊಡನೆ ತಾಳೆ ನೋಡಲು ಅವಕಾಶವಿದೆ. ಮುಖವಾಡಕ್ಕೆ ಅಂಥ ದಾಖಲೆಯಿಲ್ಲ. ಪೂಜಾರಿ ಮನೆತನದ ನೆನಪು ಮತ್ತು ದಾನಿಯ ಬರಹಗಳೇ ಅದರ ದಾಖಲೆ.

ಇನ್ನೊಂದು ಭೇದವೂ ಗಮನಾರ್ಹ. ಮರುಲೇಪಿತ ಕ್ಯಾಮೆರಾವನ್ನು ಮೂಲವೆಂದು ಮಾರಿದರೆ ಅದು ವಂಚನೆ. ಮರುಲೇಪಿತ ಮುಖವಾಡವಾದರೋ ನಕಲಿಯಲ್ಲ, ದೈವತ್ವವನ್ನು ಕಳೆದುಕೊಂಡದ್ದೂ ಅಲ್ಲ. ಊರಿನ ಪಾಲಿಗೆ ಅದು ಅದೇ ದೇವಿಯ ಮುಖ. ಹಾಗಾಗಿ ಮರುಲೇಪವನ್ನು ದೋಷವೆಂದು ಎಣಿಸದೆ, ವಸ್ತುವಿನ ಬಾಳಿನ ಒಂದು ಘಟ್ಟವೆಂದು ದಾಖಲಿಸುವುದು ಉಚಿತ. ನಷ್ಟವಾಗುವುದು ದಾಖಲಿಸದೆ ತಿಕ್ಕಿದಾಗ. ಅಕ್ಕಸಾಲಿಗನ ಕೈಗೆ ಕೊಡುವ ಮುನ್ನ ತೂಕ, ಅಳತೆ, ಎರಡೂ ಬದಿಯ ಛಾಯಾಚಿತ್ರ ಹಾಗೂ ಬರಹದ ಪ್ರತಿಯನ್ನು ದೇವಸ್ಥಾನದ ಪುಸ್ತಕದಲ್ಲಿ ಸೇರಿಸಿಟ್ಟರೆ, ಕಳವಾದ ಮುಖವಾಡವನ್ನು ಗುರುತಿಸಲೂ ಅದೇ ಆಧಾರವಾಗುತ್ತದೆ. ಚಿನ್ನವನ್ನು ಮತ್ತೊಮ್ಮೆ ಲೇಪಿಸಬಹುದು. ಅಳಿದ ದಾನಿಯ ಹೆಸರನ್ನು ಮತ್ತೆ ಪಡೆಯಲಾಗದು.